ಮೋಟಾರ್ ಎತ್ತೋ ಮೊದಲು ಮೀಟರ್ ಹಿಡೀರಿ

ನಮ್ಮ ತುಮಕೂರು ಕಡೆ ಸಾವಿರ ಅಡಿ ದಾಟಿದ ಬೋರುಗಳು ಈಗ ಮಾಮೂಲು. ಅಷ್ಟು ಆಳದಿಂದ ಮೋಟಾರ್ ಎತ್ತಿ ಇಳಿಸುವ ದುಡ್ಡಿಗೆ ಒಂದು ಒಳ್ಳೆಯ ಕ್ಲಾಂಪ್ ಮೀಟರೇ (ತಂತಿ ಬಿಚ್ಚದೆ, ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಬರುತ್ತದೆ. ಹಾಗಾಗಿ ಯಾರಾದರೂ "ಮೋಟ್ರು ಸುಟ್ಟೋಯ್ತು, ಎತ್ತಣ್ಣ" ಎಂದು ಫೋನ್ ಮಾಡಿದರೂ ನಾನು ಮೊದಲು ಹೋಗುವುದು ಸ್ಟಾರ್ಟರ್ ಬಾಕ್ಸಿನ ಹತ್ತಿರ.

ವೋಲ್ಟೇಜ್ ವಿಷಯದಲ್ಲಿ ಡಿಜಿಟಲ್ ಮಲ್ಟಿಮೀಟರನ್ನು ಪೂರ್ತಿ ನಂಬುವುದಿಲ್ಲ. ಅದರ ಒಳಗಿನ ರೆಸಿಸ್ಟೆನ್ಸ್ ಸುಮಾರು 10 ಮೆಗಾಓಮ್, ಹಾಗಾಗಿ ಅದು ತಂತಿಯಿಂದ ಕರೆಂಟನ್ನು ಎಳೆಯುವುದೇ ಇಲ್ಲ ಎನ್ನಬಹುದು. ಫ್ಯೂಸ್ ಹೋದ ತಂತಿ ಕರೆಂಟ್ ಇರುವ ತಂತಿಯ ಪಕ್ಕದಲ್ಲೇ ಸಾಗಿ ಬಂದಿದ್ದರೆ, ಅಷ್ಟಕ್ಕೇ ಮೀಟರ್ ಇಲ್ಲದ ವೋಲ್ಟನ್ನು ತೋರಿಸಿಬಿಡುತ್ತದೆ. ಅದಕ್ಕೇ ಎರಡು ಬಲ್ಬು ಸೀರೀಸ್‌ನಲ್ಲಿ ಕಟ್ಟಿದ ಟೆಸ್ಟ್ ಲ್ಯಾಂಪ್ ಚೀಲದಲ್ಲಿರುತ್ತದೆ. ಒಂದೇ ಬಲ್ಬಾದರೆ ಎರಡು ಫೇಸಿನ ನಡುವಿನ 415 ವೋಲ್ಟಿಗೆ ಸಿಡಿಯುತ್ತದೆ. ಓಡುತ್ತಿರುವಾಗ ಒಂದು ಫೇಸ್ ಹೋದರಂತೂ ಮೋಟಾರೇ ಆ ಫೇಸಿನಲ್ಲಿ ವೋಲ್ಟೇಜ್ ಹುಟ್ಟಿಸಿ, ಎಲ್ಲ ಸರಿಯಿದೆ ಅನ್ನಿಸುವಂತೆ ಮಾಡುತ್ತದೆ.

ಅದನ್ನು ಬಯಲಿಗೆಳೆಯುವುದು ಕ್ಲಾಂಪ್. ತಂತಿಯಲ್ಲಿ ಎಸಿ ಹರಿಯುವಾಗ ಸುತ್ತ ಏಳುವ ಕಾಂತಕ್ಷೇತ್ರವನ್ನು ಅದರ ಬಾಯಿಯೊಳಗಿನ ಕೋರ್ ಹಿಡಿದು, ಅದರ ಮೇಲೆ ಸುತ್ತಿದ ಕಾಯಿಲಿಗೆ ದಾಟಿಸುತ್ತದೆ. ಒಂದೊಂದೇ ತಂತಿ ಹಿಡಿಯಬೇಕು. ಮೂರನ್ನೂ ಒಟ್ಟಿಗೆ ಹಿಡಿದರೆ ಒಂದನ್ನೊಂದು ಕಳೆದು ಸೊನ್ನೆ ಬರುತ್ತದೆ. 5 ಎಚ್‌ಪಿ ಮೋಟಾರಿಗೆ ಫೇಸೊಂದಕ್ಕೆ ಎಂಟು ಆಂಪಿಯರ್ ಆಸುಪಾಸು. ಒಂದರಲ್ಲಿ ಸೊನ್ನೆ, ಉಳಿದೆರಡರಲ್ಲಿ ಜಾಸ್ತಿ ಇದ್ದರೆ ಫೇಸ್ ಹೋಗಿದೆ. ಮೂರೂ ಇಳಿದಿದ್ದರೆ ಬೋರಲ್ಲಿ ನೀರಿಲ್ಲ. ಮೂರೂ ಏರಿದ್ದರೆ ವೋಲ್ಟೇಜ್ ಕಮ್ಮಿ, ಇಲ್ಲವೇ ಪಂಪು ಮರಳಿಗೆ ಹಿಡಿದುಕೊಂಡಿದೆ.

ಸ್ಟಾರ್ಟೇ ಆಗದಿದ್ದರೆ ಮೇನ್ ಇಳಿಸಿ, ಮೋಟಾರಿನ ಮೂರು ತಂತಿಗಳನ್ನು ಸ್ಟಾರ್ಟರಿನಿಂದ ಬಿಚ್ಚುತ್ತೇನೆ. ಎರಡೆರಡು ತಂತಿಗಳ ನಡುವೆ ಓಮ್ ನೋಡುವುದು. ಮೂರು ಜೋಡಿಯೂ ಒಂದೇ ಸಮ ಬರಬೇಕು. ಸಾವಿರ ಅಡಿಯ 4 ಚದರ ಮಿಮೀ ತಾಮ್ರದ ಕೇಬಲ್ಲೇ ಹೋಗಿ ಬರುವಾಗ ಮೂರು ಓಮ್ ಹತ್ತಿರ ತಿನ್ನುತ್ತದೆ, ಅದನ್ನು ಕಳೆದು ಲೆಕ್ಕ ಹಾಕಬೇಕು. ಆಮೇಲೆ ಮೆಗ್ಗರ್: ಒಂದು ವೈರು ಕಬ್ಬಿಣದ ಕೇಸಿಂಗ್ ಪೈಪಿಗೆ, ಇನ್ನೊಂದು ಮೋಟಾರ್ ತಂತಿಗೆ. ಪೈಪಿಗೆ ಪ್ರೆಷರ್ ಕೊಟ್ಟು ಸೋರಿಕೆ ಹುಡುಕುವ ಹಾಗೆ ಅದು 500 ವೋಲ್ಟ್ ಡಿಸಿ ತಳ್ಳಿ, ಇನ್ಸುಲೇಷನ್ನಿನಿಂದ ಎಷ್ಟು ಸೋರುತ್ತದೆ ಅಂತ ಅಳೆಯುತ್ತದೆ. ಮುಳ್ಳು ಸೊನ್ನೆಗೆ ಬಿದ್ದರೆ ಎತ್ತಲೇಬೇಕು. ಸುಟ್ಟಿದ್ದು ವೈಂಡಿಂಗಾ, ನೆನೆದಿದ್ದು ಕೇಬಲ್ ಜಾಯಿಂಟಾ ಎನ್ನುವುದು ಮೇಲೆ ಬಂದ ಮೇಲೇ ಗೊತ್ತಾಗುವುದು. ಜಾಯಿಂಟೇ ಆಗಿರಲಿ ಅಂತ ರೈತರ ಜೊತೆ ನಾನೂ ಬೇಡಿಕೊಳ್ಳುತ್ತೇನೆ.

ಸೋಲಾರ್ ಪಂಪು ಬಂದ ಮೇಲೆ ಹಳೇ ಕ್ಲಾಂಪ್ ಸಾಲುತ್ತಿಲ್ಲ. ಪ್ಯಾನೆಲ್ಲಿನಿಂದ ಬರುವುದು ಡಿಸಿ, ಅದಕ್ಕೆ ಹಾಲ್ ಸೆನ್ಸರ್ (ಬದಲಾಗದ ಕಾಂತಕ್ಷೇತ್ರವನ್ನೂ ಗುರುತಿಸುವ ಬಿಡಿಭಾಗ) ಇರುವ ಮೀಟರೇ ಬೇಕು. ಮಾಮೂಲಿ ಕ್ಲಾಂಪ್ ಅಲ್ಲಿ ಸೊನ್ನೆ ತೋರಿಸುತ್ತದೆ. ಆ ಸೊನ್ನೆ ನೋಡಿ ತಂತಿ ಬಿಚ್ಚಲು ಕೈ ಹಾಕಬೇಡಿ, ಬಿಸಿಲಿರುವಷ್ಟು ಹೊತ್ತೂ ಅದರಲ್ಲಿ ನೂರಾರು ವೋಲ್ಟ್ ಇರುತ್ತದೆ.