ಸೀನಾಯಿ ಬೆಟ್ಟಗಳಲ್ಲಿ ಚಾರಣ: ಮೊದಲು ಗೈಡ್ ಹುಡುಕಿ, ಆಮೇಲೆ ದಾರಿ

ಈಜಿಪ್ಟಿನ ಸೀನಾಯಿಗೆ ಹೋಗುವವರಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಕಡಲ ತೀರದ ಶರ್ಮ್ ಎಲ್ ಶೇಖ್‌ನಿಂದ ರಾತ್ರಿ ಬಸ್ಸು ಹತ್ತಿ, ಟಾರ್ಚ್ ಹಿಡಿದು ಜಬಲ್ ಮೂಸಾ ಏರಿ, ಸೂರ್ಯೋದಯದ ಫೋಟೊ ತೆಗೆದು, ಕೆಳಗಿನ ಸೇಂಟ್ ಕ್ಯಾಥರಿನ್ ಮಠಕ್ಕೆ ಒಂದು ಸುತ್ತು ಹಾಕಿ ವಾಪಸ್ ಬೀಚಿಗೆ. ಮೋಶೆಗೆ ಹತ್ತು ಆಜ್ಞೆಗಳು ಸಿಕ್ಕ ಬೆಟ್ಟ ಇದೇ ಎಂಬ ನಂಬಿಕೆ ಇದೆ, ಹತ್ತಲೇಬೇಕು, ಸರಿ. ಆದರೆ ಅಲ್ಲಿಂದ ಪಶ್ಚಿಮಕ್ಕೆ ಕೆಂಪು ಗ್ರಾನೈಟ್ ಬೆಟ್ಟಗಳು ಸಾಲುಗಟ್ಟಿ ನಿಂತಿವೆ. ಅವುಗಳ ನಡುವೆ ಕಲ್ಲುಗೋಡೆ ಕಟ್ಟಿದ ಹಣ್ಣಿನ ತೋಟಗಳಿವೆ, ಬಾವಿಗಳಿವೆ. ಬಸ್ಸಿನವರು ಅದ್ಯಾವುದನ್ನೂ ನೋಡುವುದಿಲ್ಲ. ಅದನ್ನು ನೋಡಬೇಕಾದರೆ ಬೆಡೂಯಿನ್, ಅಂದರೆ ಮರುಭೂಮಿಯ ಅರಬ್ ಬುಡಕಟ್ಟಿನ ಗೈಡ್ ಜೊತೆ ಮೂರ್ನಾಲ್ಕು ದಿನ ನಡೆಯಬೇಕು. ಹೇಗೆ ಅಂತ ಹೇಳುತ್ತೇನೆ.

1. ಕಾಲ ನೋಡಿಕೊಳ್ಳಿ

ಮಾರ್ಚ್‌ನಿಂದ ಮೇ, ಸೆಪ್ಟೆಂಬರ್‌ನಿಂದ ನವೆಂಬರ್. ಇಷ್ಟೇ. ಮರುಭೂಮಿ ಅಂದರೆ ಬಿಸಿಲು ಅಂದುಕೊಂಡು ತೆಳು ಬಟ್ಟೆ ತುಂಬಿಕೊಂಡು ಹೋಗಬೇಡಿ. ಮಠದ ಹತ್ತಿರದ ಸೇಂಟ್ ಕ್ಯಾಥರಿನ್ ಊರು ಇರುವುದೇ ಸುಮಾರು 1,600 ಮೀಟರ್ ಎತ್ತರದಲ್ಲಿ, ಅಂದರೆ ನಮ್ಮ ಕುದುರೆಮುಖದ ನೆತ್ತಿಗಿಂತ ಸುಮಾರು 300 ಮೀಟರ್ ಕೆಳಗೆ, ಅಷ್ಟೇ. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ. 2014ರ ಫೆಬ್ರವರಿಯಲ್ಲಿ ಇದೇ ಬೆಟ್ಟಗಳಲ್ಲಿ ಹಿಮಗಾಳಿಗೆ ಸಿಕ್ಕಿ ನಾಲ್ವರು ಈಜಿಪ್ಟಿನ ಚಾರಣಿಗರು ಸತ್ತರು. ಒಳ್ಳೆಯ ಕಾಲದಲ್ಲೂ ರಾತ್ರಿಗೆ ದಪ್ಪ ಜಾಕೆಟ್, ಉಣ್ಣೆ ಟೋಪಿ, ಸ್ಲೀಪಿಂಗ್ ಬ್ಯಾಗ್ ಬೇಕೇ ಬೇಕು.

2. ಗೈಡ್ ಮೊದಲು, ಉಳಿದದ್ದೆಲ್ಲ ಆಮೇಲೆ

ಇಲ್ಲಿ ಗೈಡ್ ಇಲ್ಲದೆ ಬೆಟ್ಟಕ್ಕೆ ಬಿಡುವುದಿಲ್ಲ. ಜಬಲ್ ಮೂಸಾಕ್ಕೂ ಅಷ್ಟೇ. ಬಿಟ್ಟರೂ ಹೋಗಬಾರದು, ಯಾಕಂದರೆ ಬಾವಿ ಎಲ್ಲಿದೆ, ಈ ವರ್ಷ ಯಾವುದರಲ್ಲಿ ನೀರಿದೆ ಅನ್ನುವುದು ಯಾವ ಮ್ಯಾಪ್‌ನಲ್ಲೂ ಇರುವುದಿಲ್ಲ.

ಇಲ್ಲಿನ ಗೈಡ್‌ಗಳು ಜಬಲಿಯಾ ಬುಡಕಟ್ಟಿನವರು. ಇವರ ಹಿನ್ನೆಲೆ ಸ್ವಾರಸ್ಯವಾಗಿದೆ. 6ನೇ ಶತಮಾನದಲ್ಲಿ ಬೈಜಾಂಟಿಯನ್ ಚಕ್ರವರ್ತಿ ಜಸ್ಟಿನಿಯನ್ ಈ ಮಠ ಕಟ್ಟಿಸಿದಾಗ ಅದರ ಕಾವಲಿಗೆ, ಕೆಲಸಕ್ಕೆ ಅಂತ ಬಾಲ್ಕನ್ ಕಡೆಯಿಂದ, ಈಜಿಪ್ಟಿನಿಂದ ಜನ ಕರೆತಂದನಂತೆ. ಅವರ ಮಕ್ಕಳು ಮೊಮ್ಮಕ್ಕಳು ಅರಬ್ಬಿ ಆಡುವ ಮುಸ್ಲಿಮರಾದರು, ಬೆಡೂಯಿನ್ ಆದರು. ಇವತ್ತಿಗೂ ಗ್ರೀಕ್ ಪಾದ್ರಿಗಳ ಮಠಕ್ಕೂ ಇವರಿಗೂ ನಂಟು ಬಿಟ್ಟಿಲ್ಲ. ಮಠದ ಗೋಡೆಯ ಒಳಗೇ ಒಂದು ಪುಟ್ಟ ಮಸೀದಿ ಇದೆ ನೋಡಿ.

ಹುಡುಕುವುದು ಹೇಗೆ? ಶರ್ಮ್‌ನ ಹೋಟೆಲ್ ಡೆಸ್ಕಿನಲ್ಲಿ ಪ್ಯಾಕೇಜ್ ಕೊಳ್ಳಬೇಡಿ ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಆ ದುಡ್ಡಿನಲ್ಲಿ ಗೈಡ್‌ಗೆ ಎಷ್ಟು ಮುಟ್ಟುತ್ತದೋ ದೇವರೇ ಬಲ್ಲ. ಸೇಂಟ್ ಕ್ಯಾಥರಿನ್ ಊರಿನ ಬೆಡೂಯಿನ್ ಬಡಾವಣೆ ಅಲ್ ಮಿಲ್ಗಾದಲ್ಲಿ ಜಬಲಿಯಾದವರೇ ನಡೆಸುವ ಕ್ಯಾಂಪ್‌ಗಳಿವೆ. ಅವರಿಗೆ ಮೊದಲೇ ಬರೆದು ನಾಲ್ಕು ವಿಷಯ ಇತ್ಯರ್ಥ ಮಾಡಿಕೊಳ್ಳಿ: ದಿನಕ್ಕೆ ಎಷ್ಟು, ಅದರಲ್ಲಿ ಊಟ ಸೇರಿದೆಯಾ, ಸಾಮಾನು ಹೊರುವ ಒಂಟೆ ಸೇರಿದೆಯಾ, ಅನುಮತಿ ಯಾರು ಮಾಡಿಸುತ್ತಾರೆ. ಜೊತೆಗೆ ನಿಮ್ಮ ಮೊಣಕಾಲು ಹೇಗಿದೆ ಅನ್ನುವುದನ್ನೂ ಸತ್ಯವಾಗಿ ಹೇಳಿಬಿಡಿ. ದಾರಿಯನ್ನು ನೀವು ಆರಿಸಬೇಡಿ, ಅವರಿಗೆ ಬಿಡಿ.

3. ಕಾಗದ ಪತ್ರ, ಪ್ರಯಾಣ

ಭಾರತದ ಪಾಸ್‌ಪೋರ್ಟ್ ಇದ್ದರೆ ವೀಸಾ ಹೊರಡುವ ಮೊದಲೇ ಪಕ್ಕಾ ಮಾಡಿಕೊಳ್ಳಿ. ಸೀನಾಯಿಗೆ ಮಾತ್ರ ಅಂತ ವಿಮಾನ ನಿಲ್ದಾಣದಲ್ಲಿ ಪುಕ್ಕಟೆ ಒತ್ತುವ 15 ದಿನದ ಮುದ್ರೆಯ ಬಗ್ಗೆ ಎಲ್ಲಾದರೂ ಓದಿದ್ದರೆ ಅದು ಕೆಲವು ದೇಶದವರಿಗಷ್ಟೇ, ಅದನ್ನು ನಂಬಿಕೊಂಡು ವಿಮಾನ ಹತ್ತಬೇಡಿ. ಶರ್ಮ್‌ನಿಂದ ರಸ್ತೆಯಲ್ಲಿ ಸುಮಾರು ಮೂರು ಗಂಟೆ, ಕಡಲ ತೀರದ ಇನ್ನೊಂದು ಊರು ದಹಾಬ್‌ನಿಂದ ಇನ್ನೂ ಕಡಿಮೆ. ಕೈರೋದಿಂದಾದರೆ ಸೂಯೆಜ್ ಕಾಲುವೆಯ ಅಡಿಯ ಸುರಂಗ ದಾಟಿ ಬರಬೇಕು, ಪೂರ್ತಿ ಒಂದು ಹಗಲು ಹೋಗುತ್ತದೆ ಅಂದುಕೊಳ್ಳಿ. ದಾರಿಯುದ್ದಕ್ಕೂ ಚೆಕ್‌ಪೋಸ್ಟ್‌ಗಳು. ಪಾಸ್‌ಪೋರ್ಟ್ ಬ್ಯಾಗಿನ ತಳದಲ್ಲಿಡದೆ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಡ್ರೋನ್ ಮನೆಯಲ್ಲೇ ಇರಲಿ, ಅನುಮತಿ ಇಲ್ಲದೆ ತಂದರೆ ಈಜಿಪ್ಟಿನಲ್ಲಿ ಅದು ಅಪರಾಧ. ಉತ್ತರ ಸೀನಾಯಿಯ ಕಡೆ ತಲೆ ಹಾಕಬೇಡಿ, ಟಿಕೆಟ್‌ಗೆ ಮೊದಲು ಭದ್ರತಾ ಸೂಚನೆಗಳನ್ನು ಓದಿ.

4. ಮಠ, ಜಬಲ್ ಮೂಸಾ

ಮೊದಲ ದಿನ ಇದನ್ನು ಮುಗಿಸಿ. ಮಠ ತೆರೆಯುವುದು ಬೆಳಿಗ್ಗೆ ಕೆಲವೇ ಗಂಟೆ, ಶುಕ್ರವಾರ, ಭಾನುವಾರ ಸಾಮಾನ್ಯವಾಗಿ ಬಾಗಿಲು ಹಾಕಿರುತ್ತದೆ. ಜಬಲ್ ಮೂಸಾ 2,285 ಮೀಟರ್. ಒಂಟೆ ದಾರಿಯಲ್ಲಿ ಹತ್ತಿ, ಸನ್ಯಾಸಿಗಳು ಕಲ್ಲು ಜೋಡಿಸಿ ಮಾಡಿದ 3,750 ಮೆಟ್ಟಿಲುಗಳ ದಾರಿಯಲ್ಲಿ ಇಳಿಯಿರಿ. ಸೂರ್ಯೋದಯಕ್ಕಿಂತ ಸೂರ್ಯಾಸ್ತಕ್ಕೆ ಹೋಗುವುದು ಒಳ್ಳೆಯದು, ಗಲಾಟೆ ಇರುವುದಿಲ್ಲ. ಆದರೆ ಇಳಿಯುವಾಗ ಕತ್ತಲಾಗುತ್ತದೆ, ಹಾಗಾಗಿ ಟಾರ್ಚ್ ಬೇಕು. ಮೊಣಕಾಲಿನ ಪ್ರಶ್ನೆ ಇಲ್ಲೇ ಏಳುವುದು.

5. ಈಗ ಒಳಗೆ ನಡೆಯಿರಿ

ಮಾಮೂಲಿ ದಾರಿ ಹೀಗಿರುತ್ತದೆ. ಊರಿನಿಂದ ಅಬು ಜೀಫಾ ಕಣಿವೆ ದಾಟಿ, ತೋಟಗಳಿರುವ ವಾದಿ ತುಬುಗ್ (ಅರಬ್ಬಿಯಲ್ಲಿ ವಾದಿ ಅಂದರೆ ಕಣಿವೆ, ಜಬಲ್ ಅಂದರೆ ಬೆಟ್ಟ). ಅಲ್ಲಿ ಬಾದಾಮಿ, ಏಪ್ರಿಕಾಟ್, ದಾಳಿಂಬೆ, ದ್ರಾಕ್ಷಿ. ಗೋಡೆ ಹಾರಿ ಹಣ್ಣು ಕೀಳಬೇಡಿ, ಒಂದೊಂದು ಮರಕ್ಕೂ ಯಜಮಾನ ಇದ್ದಾನೆ. ಅವನು ಎದುರಿಗಿದ್ದರೆ ಕರೆದು ಕೂರಿಸಿ ಚಹಾ ಕೊಡುತ್ತಾನೆ, ಹಣ್ಣೂ ತಾನಾಗಿಯೇ ಬರುತ್ತದೆ.

ಮುಂದೆ 2,383 ಮೀಟರ್ ಎತ್ತರದ ಜಬಲ್ ಅಬ್ಬಾಸ್ ಪಾಶಾ. 1848ರಿಂದ 1854ರವರೆಗೆ ಈಜಿಪ್ಟ್ ಆಳಿದ ಅಬ್ಬಾಸ್ ಇಲ್ಲಿ ಅರಮನೆ ಕಟ್ಟಲು ಹೊರಟ. ಜಾಗ ಆರಿಸಿದ್ದು ಹೇಗೆ ಅಂತ ಗೈಡ್ ಬಾಯಲ್ಲೇ ಕೇಳಿ: ಬೇರೆ ಬೇರೆ ಬೆಟ್ಟದ ಮೇಲೆ ಮಾಂಸ ತೂಗು ಹಾಕಿಸಿ, ಎಲ್ಲಿ ಕೊಳೆಯಲು ಜಾಸ್ತಿ ದಿನ ಹಿಡಿಯಿತೋ ಅಲ್ಲಿನ ಗಾಳಿಯೇ ಶುದ್ಧ ಅಂತ ತೀರ್ಮಾನಿಸಿದನಂತೆ. 1854ರಲ್ಲಿ ಅವನ ಕೊಲೆಯಾಯಿತು. ಅರ್ಧಕ್ಕೆ ನಿಂತ ದಪ್ಪ ಗ್ರಾನೈಟ್ ಗೋಡೆಗಳು ನೆತ್ತಿಯ ಮೇಲೆ ಇನ್ನೂ ಇವೆ.

ಇನ್ನೂ ಮುಂದೆ ಬಾಬ್ ಅದ್ದುನ್ಯಾ ಅನ್ನುವ ಬೆಟ್ಟ ಹತ್ತಿದರೆ ಪಶ್ಚಿಮಕ್ಕೆ ಸೂಯೆಜ್ ಕೊಲ್ಲಿ ಕಾಣುತ್ತದೆ. ಇಳಿಯುವ ದಾರಿಯಲ್ಲಿ ಗಲ್ತ್ ಅಲ್ ಅಜ್ರಕ್ ಅನ್ನುವ ಆಳದ ಮಡು ಸಿಗುತ್ತದೆ. ನೀರು ನೋಡಿ ಸುಮ್ನೆ ಧುಮುಕಬೇಡಿ, ಬಂಡೆ ನುಣುಪು, ಮೇಲೆ ಹತ್ತಿ ಬರುವುದು ಕಷ್ಟ. ಕಡಿದಾದ ಜಾಗ ಬಂದಾಗ ಒಂಟೆ ಸುತ್ತು ದಾರಿ ಹಿಡಿಯುತ್ತದೆ, ನಿಮ್ಮ ಬ್ಯಾಗು ಸಿಗುವುದು ಸಂಜೆಗೇ. ಆ ದಿನದ ನೀರು, ಜಾಕೆಟ್, ಮಾತ್ರೆ ನಿಮ್ಮ ಬೆನ್ನ ಮೇಲೇ ಇರಲಿ. ಮೋಡ ಕಂಡರೆ ಹಳ್ಳದ ಪಾತ್ರದಲ್ಲಿ ಮಲಗುವಂತಿಲ್ಲ. ಎಲ್ಲೋ ದೂರದಲ್ಲಿ ಬಿದ್ದ ಮಳೆ ಇಲ್ಲಿಗೆ ಪ್ರವಾಹವಾಗಿ ಬರುತ್ತದೆ.

6. ಬೆಂಕಿಯ ಸುತ್ತ

ಸಂಜೆ ಬೇಗ ತಲುಪಿದರೆ ಅಡುಗೆ ನೋಡಲು ಕೂತುಬಿಡಿ. ಲಿಬ್ಬಾ ಅನ್ನುವ ರೊಟ್ಟಿಗೆ ಬೇಕಾದ್ದು ಹಿಟ್ಟು, ನೀರು, ಉಪ್ಪು. ಕಟ್ಟಿಗೆ ಉರಿದು ಕೆಂಡವಾದ ಮೇಲೆ ಗೈಡ್ ಅದನ್ನು ಪಕ್ಕಕ್ಕೆ ಸರಿಸಿ, ಕಾದ ಮರಳಿನ ಮೇಲೆ ನಾದಿದ ಹಿಟ್ಟನ್ನು ಚಪ್ಪಟೆಯಾಗಿ ಹರಡಿ, ಮೇಲೆ ಕೆಂಡ ಬೂದಿ ಎಳೆಯುತ್ತಾನೆ. ಸ್ವಲ್ಪ ಹೊತ್ತಿಗೆ ಮಗುಚಿ ಹಾಕುತ್ತಾನೆ. ಬೆಂದ ಮೇಲೆ ಕೋಲಿನಿಂದ ಪಟಪಟ ಬಡಿದರೆ ಬೂದಿ ಉದುರುತ್ತದೆ. ನಾಲ್ಕು ತುಂಡು ಮುರಿದರೆ ಒಳಗಿಂದ ಹಬೆ. ಸಸ್ಯಾಹಾರಿಗಳು ಮೊದಲೇ ಹೇಳಿದರೆ ಸಾಕು, ಬೇಳೆ, ಅನ್ನ, ತರಕಾರಿ, ಚೀಸು ಎಲ್ಲ ಒಂಟೆ ಮೇಲೆ ಬರುತ್ತದೆ. ಚಟ್ನಿಪುಡಿ ಮಾತ್ರ ನೀವೇ ಒಯ್ಯಬೇಕು.

ಚಹಾಕ್ಕೆ ಸಕ್ಕರೆ ಸುರಿಯುತ್ತಾರೆ, ಹಬಕ್ ಅನ್ನುವ ಕಾಡು ಪುದೀನ ಹಾಕುತ್ತಾರೆ. ಬಲಗೈಯಲ್ಲಿ ತೆಗೆದುಕೊಳ್ಳಿ, ಮೊದಲ ಲೋಟವನ್ನು ಬೇಡ ಅನ್ನಬೇಡಿ. ಹೆಂಗಸರ ಫೋಟೊ ಕೇಳದೆ ತೆಗೆಯಬಾರದು, ಕೇಳಿದಾಗ ಇಲ್ಲ ಅಂದರೆ ಅಲ್ಲಿಗೆ ಬಿಟ್ಟುಬಿಡಿ. ಅವರ ಕೈಕೆಲಸ ಇಷ್ಟವಾದರೆ ಊರಿನಲ್ಲಿ ಫನ್ಸೀನಾ ಅನ್ನುವ ಮಹಿಳೆಯರ ಮಳಿಗೆ ಇದೆ, ಮಣಿ ಪೋಣಿಸಿದ ಕಸೂತಿ ಚೀಲಗಳು ಸಿಗುತ್ತವೆ.

7. ಇನ್ನೂ ನಡೆಯಬೇಕು ಅನ್ನಿಸಿದರೆ

ಸೀನಾಯಿ ಟ್ರೇಲ್ ಇದೆ. 2015ರಲ್ಲಿ ಮೂರು ಬುಡಕಟ್ಟುಗಳು ಸೇರಿ 220 ಕಿಲೋಮೀಟರ್ ದಾರಿ ಶುರು ಮಾಡಿದವು, ಈಗ ಎಂಟು ಬುಡಕಟ್ಟು, 550 ಕಿಲೋಮೀಟರ್. ಒಂದು ಬುಡಕಟ್ಟಿನ ನೆಲ ಮುಗಿದ ಕಡೆ ಆ ಗೈಡ್ ನಿಮ್ಮನ್ನು ಮುಂದಿನವರಿಗೆ ಒಪ್ಪಿಸಿ ಹಿಂದಿರುಗುತ್ತಾನೆ. ಪೂರ್ತಿ ನಡೆಯಬೇಕಿಲ್ಲ, ಒಂದೆರಡು ತುಂಡು ಆರಿಸಿಕೊಳ್ಳಬಹುದು. ಮಹಿಳಾ ಗೈಡ್‌ಗಳು ಬಂದಿದ್ದೂ ಈ ಟ್ರೇಲ್ ಮೂಲಕವೇ: 2019ರಲ್ಲಿ ಹಮಾದಾ ಬುಡಕಟ್ಟಿನ ಹೆಂಗಸರು ವಾದಿ ಸಾಹುವಿನಲ್ಲಿ ಮೊದಲ ಸಲ ಚಾರಣ ನಡೆಸಿದರು. ಅವರು ಹಾಕಿದ್ದು ಎರಡೇ ಷರತ್ತು: ಬರುವವರೂ ಹೆಂಗಸರೇ ಆಗಿರಬೇಕು, ಹೊತ್ತು ಮುಳುಗುವುದರೊಳಗೆ ಮನೆಗೆ ಮರಳಬೇಕು.