ಕಿವಿನೋವೆಂದು ಬರುವ ಥೈರಾಯ್ಡ್: ಸ್ಕ್ಯಾನ್ ಇಲ್ಲದೆ ಹಿಡಿಯುವ ನನ್ನ ದಾರಿ

ಟೆಕ್ನಿಷಿಯಂ ಸ್ಕ್ಯಾನ್ (ವಿಕಿರಣ ಮದ್ದು ಕೊಟ್ಟು ಗಾಮಾ ಕ್ಯಾಮೆರಾದಲ್ಲಿ ತೆಗೆಯುವ ಥೈರಾಯ್ಡ್ ಚಿತ್ರ) ಮಾಡಿಸದೆ ಸಬ್‌ಅಕ್ಯೂಟ್ ಥೈರಾಯ್ಡೈಟಿಸ್, ಅಂದರೆ ವೈರಲ್ ಜ್ವರದ ಬೆನ್ನಿಗೆ ಕೊರಳಿನ ಥೈರಾಯ್ಡ್ ಗ್ರಂಥಿಗೆ ಬರುವ ನೋವಿನ ಉರಿಯೂತ, ಅಂತ ಬರೆದುಕೊಟ್ಟರೆ ಮೊದಮೊದಲು ಜೊತೆಯವರು ನಕ್ಕಿದ್ದೇ ಹೆಚ್ಚು. ಈಗ ಬೆಂಗಳೂರಿನ ಹನುಮಂತನಗರ, ಬಸವನಗುಡಿ ಕಡೆಯಿಂದ ಅವರೇ ಕೇಸು ಕಳಿಸುತ್ತಾರೆ. ನೆನಪಿನ ಲೆಕ್ಕದಲ್ಲಿ 40ರ ಮೇಲಾಗಿರಬೇಕು. ಸ್ಕ್ಯಾನ್ ಬೇಕೇ ಬೇಕಾದದ್ದು ಐದಾರಕ್ಕೆ. ಸ್ವಿಸ್ ಸರ್ಜನ್ ಡಿ ಕ್ವೆರ್ವೇನ್ 1904ರಲ್ಲಿ ಇದನ್ನು ವಿವರಿಸಿದಾಗ ಅವನ ಹತ್ತಿರ ಗಾಮಾ ಕ್ಯಾಮೆರಾ ಎಲ್ಲಿತ್ತು?

ಊರಲ್ಲಿ ವೈರಲ್ ಜ್ವರದ ಅಲೆ ಎದ್ದು ಎರಡರಿಂದ ಎಂಟು ವಾರದೊಳಗೆ ಈ ಕೊರಳುಗಳು ಬರಲು ಶುರು. ಹೆಚ್ಚಿನವರು 30ರಿಂದ 50ರ ನಡುವಿನ ಹೆಂಗಸರು. ನೇರ ಯಾರೂ ಬರುವುದಿಲ್ಲ. ದವಡೆ ನೋವೆಂದು ಹಲ್ಲಿನ ಡಾಕ್ಟರು, ಕಿವಿ ಎಂದು ಇಎನ್‌ಟಿ, ನಡುವೆ ಎರಡು ಕೋರ್ಸ್ ಆಂಟಿಬಯೋಟಿಕ್. ಫೈಲು ನಮ್ಮ ಮೇಜಿಗೆ ಬೀಳುವ ಹೊತ್ತಿಗೆ ಆರೇಳು ಸಾವಿರ ಕರಗಿರುತ್ತದೆ. ಕಿವಿ ಸರಿ, ಹಲ್ಲು ಸರಿ, ಟಾನ್ಸಿಲ್ ಸರಿ ಅಂತ ಮೂರು ಚೀಟಿ ಒಟ್ಟಿಗೆ ಕಂಡರೆ ಕೈ ಕೊರಳಿಗೆ ಹೋಗಲೇಬೇಕು.

ನಾನು ಮೊದಲು ಕೇಳುವುದು ಹೆಲ್ಮೆಟ್ ಬಗ್ಗೆ. "ಪಟ್ಟಿ ಹಾಕೋಕೇ ಆಗ್ತಿಲ್ಲ ಡಾಕ್ಟ್ರೇ, ಬಕಲ್ ತಾಗಿದ್ರೆ ಕಿವಿಗೆ ಹೊಡೆಯುತ್ತೆ" ಅಂದರೆ ಅರ್ಧ ಕೆಲಸ ಮುಗಿಯಿತು. ಎರಡನೆಯದು: ನೋವು ಪಕ್ಕ ಬದಲಿಸಿತೇ? ಎಡಗಡೆ ಶುರುವಾಗಿ ವಾರದಲ್ಲಿ ಬಲಕ್ಕೆ ಹರಿದಾಡುವ ನೋವು ಬೇರೆ ಗಂಟಲ ಕಾಯಿಲೆಗಳಲ್ಲಿ ಅಪರೂಪ. ಮೂರನೆಯ ಪ್ರಶ್ನೆಯೂ ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನಲ್ಲಿ ಕಲಿಯಲು ಬರುವ ಹುಡುಗರಿಗಷ್ಟೇ.

ಮುಟ್ಟುವಾಗ ಹಿಂದೆ ನಿಂತು, ನೋವಿಲ್ಲದ ಕಡೆಯಿಂದ ಶುರು ಮಾಡಿ. ಕೈಗೆ ಒಂದು ಲೋಟ ನೀರು ಕೊಟ್ಟು ಗುಟುಕರಿಸಲು ಹೇಳಿ. ನೋಯುವ ಗಂಟು ನುಂಗಿದಾಗ ಮೇಲೇರಿದರೆ ಥೈರಾಯ್ಡ್. ಅಲ್ಲೇ ನಿಂತರೆ ದುಗ್ಧಗ್ರಂಥಿ, ಇಲ್ಲವೇ ಕೆರೊಟಿಡ್ (ಕೊರಳಿನ ದೊಡ್ಡ ರಕ್ತನಾಳ) ನೋವು. ಹದ ಹೇಗಿರುತ್ತದೆ ಅಂದರೆ ದೋರಗಾಯಿ ಸೀಬೆ: ಗಟ್ಟಿ, ಆದರೆ ಕಲ್ಲಲ್ಲ.

ಆಮೇಲೆ ಇಎಸ್‌ಆರ್ (ರಕ್ತಕಣ ಒಂದು ಗಂಟೆಯಲ್ಲಿ ಎಷ್ಟು ಇಳಿಯುತ್ತವೆಂದು ಉರಿಯೂತ ಅಳೆಯುವ ಟೆಸ್ಟ್), ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನು ಹೆಚ್ಚಾದರೆ ಇಳಿಯುವ, ಕಡಿಮೆಯಾದರೆ ಏರುವ ಅಂಕಿ), ಫ್ರೀ ಟಿ4 (ಥೈರಾಯ್ಡ್ ಹಾರ್ಮೋನು). ಬೀದಿ ಲ್ಯಾಬಿನಲ್ಲಿ ಮೂರೂ ಸೇರಿ ₹700–800. ಇಎಸ್‌ಆರ್ 50 ದಾಟಬೇಕು, ಹಲವು ಸಲ 100 ದಾಟುತ್ತದೆ. ನಾನು ಎಡವಿದ್ದು ಈ ಅಗ್ಗದ ಟೆಸ್ಟಿನಲ್ಲೇ. ಕೈಗೆ ಸಿಕ್ಕ ಗ್ರಂಥಿ ಬೆಂಕಿ, ರಿಪೋರ್ಟಿನಲ್ಲಿ ಮಾತ್ರ 38. ಕಾರಣ ಸ್ಯಾಂಪಲ್ ಬ್ಯಾಗು: ಬೆಳಗ್ಗೆ ಎಂಟಕ್ಕೆ ತೆಗೆದ ರಕ್ತ ನಾಲ್ಕು ಏರಿಯಾ ಸುತ್ತಿ ಸಂಜೆ ಲ್ಯಾಬು ಮುಟ್ಟುತ್ತಿತ್ತು. ಹಳೆಯ ರಕ್ತದಲ್ಲಿ ಕಣಗಳು ಸರಿಯಾಗಿ ಇಳಿಯುವುದಿಲ್ಲ. ಅನುಮಾನಕ್ಕೆ ಒಂದೇ ರಕ್ತವನ್ನು ಎರಡು ಪಾಲು ಮಾಡಿ ನೋಡಿದೆ: ತಕ್ಷಣ ಇಟ್ಟದ್ದು 84ರ ಸುಮಾರು, ಸಂಜೆ ಇಟ್ಟದ್ದು 60ರ ಆಸುಪಾಸು. ಅಂದಿನಿಂದ ನನ್ನ ಕ್ಲಿನಿಕ್ಕಿನಲ್ಲೇ ವೆಸ್ಟರ್‌ಗ್ರೆನ್ ಸ್ಟ್ಯಾಂಡ್ (ಇಎಸ್‌ಆರ್ ಕೊಳವೆ ನೆಟ್ಟಗೆ ನಿಲ್ಲಿಸುವ ಚೌಕಟ್ಟು) ಇದೆ. ಕೊಳವೆ ಒಂಚೂರು ವಾಲಿದರೂ ಅಂಕಿ ಸುಳ್ಳೇ ಏರುತ್ತದೆ, ಬಿಸಿಲಿಗೂ ಏರುತ್ತದೆ; ಆದ್ದರಿಂದ ಕಿಟಕಿ ಪಕ್ಕ ಬೇಡ, ಅಲುಗಾಡುವ ಮೇಜೂ ಬೇಡ. ಹಿಮೋಗ್ಲೋಬಿನ್ 8 ಇರುವವರಲ್ಲಿ ಇಎಸ್‌ಆರ್ ಹೇಗಿದ್ದರೂ ಏರಿರುತ್ತದೆ, ಅಲ್ಲಿ ಸಿಆರ್‌ಪಿ (ಉರಿಯೂತದ ಇನ್ನೊಂದು ರಕ್ತಪರೀಕ್ಷೆ) ಸೇರಿಸಿ. ಎರಡು ದಿನದ ಹಿಂದೆ ಯಾರಾದರೂ ಡೆಕ್ಸಾ (ಸ್ಟೀರಾಯ್ಡ್) ಚುಚ್ಚಿದ್ದರೆ ಸಿಆರ್‌ಪಿ, ನೋವು ಎರಡೂ ತಣ್ಣಗಾಗಿ ನಿಮ್ಮನ್ನು ಮಂಗ ಮಾಡುತ್ತವೆ. ಹಳೇ ಚೀಟಿ ಓದದೆ ಸೂಜಿ ಹಿಡಿಯಬೇಡಿ.

ಟಿಎಸ್‌ಎಚ್ 0.01, ಫ್ರೀ ಟಿ4 ದುಪ್ಪಟ್ಟು, ಕೈ ನಡುಕ. ಇಲ್ಲಿ ಕಾರ್ಬಿಮಜೋಲ್ (ಹಾರ್ಮೋನು ತಯಾರಿ ತಡೆಯುವ ಮಾತ್ರೆ) ಬರೆದುಬಿಡುವ ಚಪಲ ಎಲ್ಲರಿಗೂ. ನಾನೂ ಬರೆದಿದ್ದೇನೆ, ದಂಡ. ಗ್ರಂಥಿ ಹೊಸ ಹಾರ್ಮೋನು ತಯಾರಿಸುತ್ತಿಲ್ಲ, ಗೋದಾಮು ಒಡೆದು ಹಳೆಯದು ಸುರಿಯುತ್ತಿದೆ; ನಲ್ಲಿ ತಿರುಗಿಸಿ ಏನು ಫಲ? ನಡುಕಕ್ಕೆ ಪ್ರೊಪ್ರನೊಲಾಲ್ ಸಾಕು, ಆಸ್ತಮಾ ಇಲ್ಲದಿದ್ದರೆ. ಗೊಂದಲವಿದ್ದರೆ ಟೋಟಲ್ ಟಿ3ಯನ್ನು ಟಿ4ನಿಂದ ಭಾಗಿಸುತ್ತೇನೆ. ಟಿ3 260 ನ್ಯಾನೋಗ್ರಾಂ, ಟಿ4 16 ಮೈಕ್ರೋಗ್ರಾಂ ಇದ್ದರೆ 16 ಬಂತು. 20ಕ್ಕಿಂತ ಕೆಳಗೆ, ಗ್ರೇವ್ಸ್ (ಗ್ರಂಥಿ ತಾನೇ ಅತಿಯಾಗಿ ಹಾರ್ಮೋನು ತಯಾರಿಸುವ ಕಾಯಿಲೆ) ಕಡೆಗೆ ವಾಲುವುದಿಲ್ಲ. ತೀರ್ಪು ಕೊಡುವಷ್ಟು ಗಟ್ಟಿ ಲೆಕ್ಕವಲ್ಲ ಇದು, ಆದರೂ ₹2,500ಕ್ಕೆ ಮೇಲಿನ ಟಿಆರ್‌ಎಬಿ (ಗ್ರೇವ್ಸ್ ಪತ್ತೆಯ ರಕ್ತಪರೀಕ್ಷೆ) ಎಷ್ಟೋ ಸಲ ಉಳಿದಿದೆ. ಕೂದಲು ಉದುರುತ್ತದೆಂದು ಬಯೋಟಿನ್ ನುಂಗುವವರಿದ್ದಾರಲ್ಲ, ಅವರಿಗೆ ಎರಡು ದಿನ ಬಿಡಿಸಿ ಮತ್ತೆ ರಕ್ತ ತೆಗೆಸಿ. ಕೆಲವು ಯಂತ್ರಗಳಲ್ಲಿ ಆ ಗುಳಿಗೆಯೊಂದೇ ಟಿಎಸ್‌ಎಚ್ ಇಳಿಸಿ ಟಿ4 ಏರಿಸಿ ತೋರಿಸುತ್ತದೆ.

ಅಲ್ಟ್ರಾಸೌಂಡಿಗೆ ₹1,200ರಿಂದ 1,500. ಬರೀ "ಥೈರಾಯ್ಡ್" ಅಂತ ಬರೆದು ಕಳಿಸಿದರೆ ಕಪ್ಪು ಮಚ್ಚೆ ಕಂಡು "ಅನುಮಾನದ ಗಂಟು, ಎಫ್‌ಎನ್‌ಎಸಿ (ಸೂಜಿ ಪರೀಕ್ಷೆ) ಮಾಡಿಸಿ" ಎಂದು ಬರುತ್ತದೆ, ಮನೆಯವರೆಲ್ಲ ಕ್ಯಾನ್ಸರ್ ಎಂದು ಅಳುತ್ತಾರೆ. ಈಗ ಚೀಟಿಯಲ್ಲೇ ಬರೆಯುತ್ತೇನೆ: ನೋವಿನ ಜಾಗದ ಮೇಲೇ ಪ್ರೋಬ್ ಇಡಿ, ಡಾಪ್ಲರ್ ಹಾಕಿ. ಅಂಚು ಕಲಸಿದ ಕಪ್ಪು, ಅದರೊಳಗೆ ರಕ್ತದ ಹರಿವು ಕಡಿಮೆ ಇದ್ದರೆ ನಮ್ಮದೇ.

ಟೆಕ್ನಿಷಿಯಂ ಸ್ಕ್ಯಾನಿಗೆ ಸುಮಾರು ₹3,000. ನೋವು ಅಸ್ಪಷ್ಟ, ಇಎಸ್‌ಆರ್ ನಡುವಣದ್ದು, ಗ್ರೇವ್ಸ್ ಬಿಡಲಾಗದು ಎಂಬಲ್ಲಿ ಮಾತ್ರ ಕಳಿಸುತ್ತೇನೆ. ಗ್ರಂಥಿ ಕಾಣದಷ್ಟು ಮಂಕಾದರೆ ಗೆದ್ದೆವು. ಆದರೆ ಇತ್ತೀಚೆಗೆ ಕಾಂಟ್ರಾಸ್ಟ್ ಸಿಟಿ (ಅಯೋಡಿನ್ ಮದ್ದು ಚುಚ್ಚಿ ಮಾಡುವ ಸ್ಕ್ಯಾನ್) ಆಗಿದ್ದರೆ ಅಯೋಡಿನ್ನಿಂದಲೇ ಮಂಕಾಗಿರುತ್ತದೆ, ದುಡ್ಡು ದಂಡ. ಬಸುರಿಗೆ ಸ್ಕ್ಯಾನ್ ಬೇಡ.

ಮೈಮರೆಯಬಾರದ್ದು ಇವು: ಒಂದೇ ಗಳಿಗೆಯಲ್ಲಿ ಎದ್ದ ನೋವು, ಇಎಸ್‌ಆರ್ ನಾರ್ಮಲ್ ಇದ್ದರೆ ಸಿಸ್ಟಿನೊಳಗೆ ರಕ್ತ ಸುರಿದಿದೆ. ಮಗುವಿಗೆ ಚಳಿಜ್ವರ, ಎಡಗಡೆ ಕೆಂಪಗೆ ಊತ, ಬಿಳಿಕಣ ಏರಿಕೆ ಇದ್ದರೆ ಕೀವು. ಅಲ್ಲಿ ಸ್ಟೀರಾಯ್ಡ್ ಕೊಟ್ಟರೆ ಅನಾಹುತ. ವಯಸ್ಸಾದವರಲ್ಲಿ ವಾರವಾರ ಬೆಳೆಯುವ ಕಲ್ಲಿನಂಥ ಗಂಟು, ಜೊತೆಗೆ ದನಿ ಒಡೆದರೆ ಅದೇ ದಿನ ಸರ್ಜನ್. ಸೂಜಿ ಪರೀಕ್ಷೆಯಲ್ಲಿ ಗ್ರಾನ್ಯುಲೋಮ (ಉರಿಯೂತದ ಕಣಗಳ ಗುಂಪು) ಬಂತೆಂದು ನಿಶ್ಚಿಂತೆ ಬೇಡ, ನಮ್ಮಲ್ಲಿ ಟಿಬಿಯೂ ಅದನ್ನೇ ತೋರಿಸುತ್ತದೆ.

ಮೊದಲು ನೋವಿನ ಮಾತ್ರೆ. ಬಗ್ಗದಿದ್ದರೆ, ಸಕ್ಕರೆ ನೋಡಿಕೊಂಡು, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಪುಸ್ತಕದ 40 ಮಿಲಿಗ್ರಾಂ ಬಿಟ್ಟು ಜಪಾನಿನವರಂತೆ 15ರಿಂದಲೇ ಶುರು ಮಾಡಿ ನೋಡಿದೆ, ಬಹುಪಾಲು ಜನರಿಗೆ ಸಾಕಾಯಿತು. ಎರಡು ಮೂರು ದಿನದಲ್ಲಿ ನೋವು ಇಳಿಯದಿದ್ದರೆ ಡೋಸ್ ಏರಿಸುವ ಮೊದಲು ಡಯಾಗ್ನೋಸಿಸ್ ಮತ್ತೆ ಬಿಚ್ಚಿ. ಬೇಗ ಇಳಿಸಿದರೆ ನೋವು ಮರಳುತ್ತದೆ. ನಾನು ಆರು ವಾರದಿಂದ ಎಂಟು ವಾರ ಎಳೆಯುತ್ತೇನೆ.

ಪ್ರತಿ ಭೇಟಿಯಲ್ಲಿ ನೋಯುವ ಜಾಗಕ್ಕೆ ಮಾರ್ಕರ್ ಗುರುತು ಹಾಕಿ ಅವರ ಫೋನಿನಲ್ಲೇ ಫೋಟೋ ತೆಗೆಸುತ್ತೇನೆ. ಗುರುತು ಸರಿದಾಡಿದ್ದು ಫೋಟೋದಲ್ಲಿ ಕಂಡ ಮೇಲೆ ರೋಗಿಯೂ ನಂಬುತ್ತಾರೆ, ಅನುಮಾನ ಪಟ್ಟ ಡಾಕ್ಟರೂ ನಂಬುತ್ತಾರೆ. ಮೂರನೇ ತಿಂಗಳಲ್ಲಿ ಗೋದಾಮು ಖಾಲಿಯಾಗಿ ಟಿಎಸ್‌ಎಚ್ 15ಕ್ಕೆ ಏರಿತೆಂದು ಇನ್ನೊಂದು ಕಡೆ ಜೀವನಪೂರ್ತಿ ಥೈರಾಕ್ಸಿನ್ ಬರೆಸಿಕೊಂಡು ಬಂದವರಿಗೂ ಅದೇ ಫೋಟೋ ತೋರಿಸಿ, ಆರನೇ ತಿಂಗಳ ಹೊತ್ತಿಗೆ ಮಾತ್ರೆ ಇಳಿಸುತ್ತಾ ಬಂದು ಮತ್ತೆ ಟೆಸ್ಟ್ ಮಾಡಿಸುತ್ತೇನೆ. ಹತ್ತರಲ್ಲಿ ಒಬ್ಬರಿಗೆ ಮಾತ್ರೆ ಉಳಿಯುತ್ತದೆ.