ಅಪ್ಪ ಅಮ್ಮ ಲಂಡನ್ನಿಗೆ ಬಂದಾಗ ಶನಿವಾರ ಮಧ್ಯಾಹ್ನ ಎಲ್ಲಿಗೆ ಹೋಗೋದು?

ಊರಿಂದ ಅಪ್ಪ ಅಮ್ಮ ಬರ್ತಿದ್ದಾರೆ, ಏನೇನು ತೋರಿಸೋದು ಅಂತ ಹೊಸಬರು ಕೇಳ್ತಾನೇ ಇರ್ತೀರಿ. ಕಾಗದಪತ್ರದ ವಿಷಯ ಮೊದಲು ಮುಗಿಸಿಬಿಡ್ತೀನಿ: ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ 6 ತಿಂಗಳು ಇರಬಹುದು, ಇನ್ಶೂರೆನ್ಸ್ ಮರೀಬೇಡಿ, ಬಿಪಿ ಮಾತ್ರೆ ಡಾಕ್ಟರ್ ಚೀಟಿ ಸಮೇತ ತರಲಿ. ಅಷ್ಟೇ.

ಈಗ ನನ್ನ ಪೆದ್ದುತನದ ಕಥೆ. ಅಪ್ಪ ಹಲಸೂರಿನವರು, ಫುಟ್‌ಬಾಲ್ ಹುಚ್ಚು. ಮೊದಲ ಸಲ ಪೂರ್ವ ಲಂಡನ್ನಿನ ಇಲ್ಫರ್ಡ್‌ಗೆ, ನಮ್ಮ ಮನೆಗೆ ಬಂದಾಗ ಪ್ರೀಮಿಯರ್ ಲೀಗ್ ಮ್ಯಾಚಿನ ಟಿಕೆಟ್ ಸಿಗಲಿಲ್ಲ, ಹೋಗಲಿ ಸ್ಟೇಡಿಯಂ ಆದ್ರೂ ನೋಡಲಿ ಅಂತ ಟೂರ್‌ಗೆ ಕರೆದುಕೊಂಡು ಹೋದೆ. ಒಂದು ಗಂಟೆ ಖಾಲಿ ಕುರ್ಚಿ ನೋಡಿ ಹೊರಗೆ ಬಂದವರು, "ದೇವರಿಲ್ಲದ ಗುಡಿ ತೋರಿಸೋಕೆ ಇಷ್ಟು ದುಡ್ಡು ಕೊಟ್ಯೇನೋ?" ಅಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ಕೇಳಿದರು, "1948ರ ಒಲಿಂಪಿಕ್ಸ್‌ನಲ್ಲಿ ನಮ್ಮವರು ಫ್ರಾನ್ಸ್ ಮೇಲೆ ಆಡಿದ್ದು ಇಲ್ಫರ್ಡ್‌ನಲ್ಲೇ ಅಲ್ವಾ?" ನನಗೆ ಗೊತ್ತಿರಲಿಲ್ಲ. ಕ್ರಿಕಲ್‌ಫೀಲ್ಡ್ ಮೈದಾನದಲ್ಲಂತೆ. ಹೆಚ್ಚಿನವರು ಬರಿಗಾಲಲ್ಲೇ ಆಡಿ, ರಾಮನ್ ಒಂದು ಗೋಲು ಹೊಡೆದು, ಎರಡು ಪೆನಾಲ್ಟಿ ಕಳೆದುಕೊಂಡು, ಕೊನೇ ಗಳಿಗೆಯಲ್ಲಿ 2-1ಕ್ಕೆ ಸೋತರು. ತಂಡದಲ್ಲಿ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಅಪ್ಪ ಆಗಿನ್ನೂ ಹುಟ್ಟಿರಲಿಲ್ಲ, ಆದ್ರೂ ತಾನೇ ನೋಡಿದ ಹಾಗೆ ಹೇಳಿದರು. ಆ ಮೈದಾನದ ಮುಂದೇನೇ ನಾನು 11 ವರ್ಷ ಕೊತ್ತಂಬರಿ ಸೊಪ್ಪು ತರೋಕೆ ಓಡಾಡಿದ್ದೆ!

ಮುಂದಿನ ಶನಿವಾರ ಅಲ್ಲೇ ಒಂದು ಸಣ್ಣ ಕ್ಲಬ್ಬಿನ ಮ್ಯಾಚ್ ಇತ್ತು, ಹೋದೆವು. ಇಲ್ಲಿ ಮೇಲಿನ ನಾಲ್ಕು ಡಿವಿಷನ್‌ಗಳಲ್ಲಿ 92 ತಂಡ, ಅದರ ಕೆಳಗಿನ ಸಣ್ಣ ಕ್ಲಬ್‌ಗಳಿಗೆಲ್ಲ ನಾನ್-ಲೀಗ್ ಅಂತಾರೆ. ಶನಿವಾರ ಮಧ್ಯಾಹ್ನ 2:45ರಿಂದ 5:15ರವರೆಗೆ ಟಿವಿಯಲ್ಲಿ ಸಾಮಾನ್ಯವಾಗಿ ಲೈವ್ ಫುಟ್‌ಬಾಲ್ ತೋರಿಸಲ್ಲ, ಜನ ಮೈದಾನಕ್ಕೆ ಹೋಗಲಿ ಅಂತ. ಸಣ್ಣ ಕ್ಲಬ್‌ಗಳಿಗೆ ಗೇಟಲ್ಲೇ ದುಡ್ಡು ಕೊಟ್ಟು ಒಳಗೆ ಹೋಗಬಹುದು. ಮಳೆಗಾಲ ಅಂತ ಬೇರೆ ಇಲ್ಲ ಇಲ್ಲಿ, ಆದ್ದರಿಂದ ಬೆಳಗ್ಗೆನೇ ಮ್ಯಾಚ್ ಇದೆಯಾ ಅಂತ ನೋಡಿ. ಪಿಚ್ ಮೇಲೆ ನೀರು ನಿಂತರೆ ರದ್ದು. ಒಮ್ಮೆ ಅಪ್ಪನನ್ನು ಎರಡು ಬಸ್ ಬದಲಿಸಿ ಇನ್ನೊಂದು ಮೈದಾನಕ್ಕೆ ಕರೆದುಕೊಂಡು ಹೋಗಿ, ಬೀಗ ಹಾಕಿದ ಗೇಟ್ ತೋರಿಸಿದ್ದೇನೆ.

ಇನ್ನೊಂದು ಮುಖ್ಯ ವಿಷಯ, ಬೊವ್ರಿಲ್. ಹಾಫ್‌ಟೈಮಲ್ಲಿ ಎಲ್ಲರ ಕೈಲೂ ಒಂದೊಂದು ಲೋಟ, ಹಬೆ ಬೇರೆ ಆಡ್ತಿತ್ತು, ಕಾಫಿ ಥರಾನೇ ಬಣ್ಣ. ಅದನ್ನೇ ತಂದು ಅಪ್ಪನ ಕೈಗಿಟ್ಟೆ. ಜನ್ಮದಲ್ಲಿ ಮೊಟ್ಟೆ ಮುಟ್ಟದವರು! ಮೂಗಿನ ಹತ್ತಿರ ಹಿಡಿದು, "ಇದೇನೋ ಸಾರಿನ ವಾಸನೆ?" ಅಂದರು. ಪಕ್ಕದ ಅಜ್ಜ ನಕ್ಕು, ಅದು ದನದ ಮಾಂಸದ್ದು ಅಂತ ತಿಳಿಸಿದರು. ಚಿಪ್ಸನ್ನೂ ಯಾವ ಎಣ್ಣೆಲಿ ಕರೀತಾರೆ ಕೇಳಿಯೇ ತೊಗೊಳ್ಳಿ. ಫ್ಲಾಸ್ಕಲ್ಲಿ ಕಾಫಿ, ಜೇಬಲ್ಲಿ ಕಡಲೆಕಾಯಿ, ತಲೆಗೆ ಮಂಕಿ ಕ್ಯಾಪ್. ಮರ್ಯಾದೆ ಪ್ರಶ್ನೆ ಅಂತ ಕ್ಯಾಪ್ ಬೇಡ ಅಂದಿದ್ದೆ, ಅಪ್ಪನಿಗೆ ನಾಲ್ಕು ದಿನ ಜ್ವರ.

ಅಲ್ಲಿ ಕಂಬಿಗೆ ಆತು ನಿಂತರೆ ಆಟಗಾರರ ಏದುಸಿರು, ಬೈಗುಳ ಎಲ್ಲ ಕೇಳಿಸುತ್ತೆ. ಹಾಫ್‌ಟೈಮ್ ಆದ ಮೇಲೆ ತಮ್ಮ ತಂಡ ಗೋಲು ಹೊಡೆಯೋ ಕಡೆಗೆ ಜನ ನಡೆದುಕೊಂಡು ಹೋಗ್ತಾರೆ. ಅಪ್ಪನೂ ಹೊರಟರು, ನನ್ನನ್ನು ಕೇಳಲೂ ಇಲ್ಲ. ಚಿಕ್ಕವನಿದ್ದಾಗ ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಬಾರೋ ಅಂತ ಎಷ್ಟೋ ಸಲ ಕರೆದಿದ್ದರು, ನಾನು ಟ್ಯೂಷನ್ ಇದೆ ಅಂತ ತಪ್ಪಿಸಿಕೊಳ್ತಿದ್ದೆ. ಕೆಲವು ದಿನ ಟ್ಯೂಷನ್ ಇರ್ತಾನೂ ಇರಲಿಲ್ಲ.

ಮಗಳಿಗೆ ಕನ್ನಡ ಅರ್ಥ ಆಗುತ್ತೆ, ಮಾತು ಬರಲ್ಲ. ನಾವೇ ಕಲಿಸಲಿಲ್ಲ, ಆಮೇಲೆ ಕಲಿಸೋಣ ಅಂದುಕೊಂಡೇ ಒಂಬತ್ತು ವರ್ಷ ಆಯ್ತು. ಎರಡನೇ ಸಲ ಬಂದಾಗ ಅಪ್ಪ ಅವಳನ್ನೂ ಎಳೆದುಕೊಂಡು ಬಂದರು. ಆಫ್‌ಸೈಡ್ ಅಂದರೇನು ಅಂತ ಅವಳು ಇಂಗ್ಲಿಷಲ್ಲಿ ಕೇಳಿದಳು. ಅಪ್ಪ ಕಟ್ಟೆ ಮೇಲೆ ಕಡಲೆಬೀಜ ಸಾಲಾಗಿ ಇಟ್ಟರು. "ಇದು ಗೋಲ್‌ಕೀಪರ್ರು, ಇದು ಡಿಫೆಂಡರ್ರು, ಇದು ನೀನು. ನಿನ್ನ ತಂಡದವರು ನಿನ್ನ ಕಡೆ ಚೆಂಡು ಒದೆಯೋ ಗಳಿಗೇಲಿ ನೀನು ಇವನನ್ನ ದಾಟಿ ನಿಂತಿರಬಾರದು, ಆಯ್ತಾ?"

ಅವಳು ಸ್ವಲ್ಪ ಹೊತ್ತು ನೋಡಿ ಡಿಫೆಂಡರನ್ನು ಬಾಯಿಗೆ ಹಾಕಿಕೊಂಡಳು. "ತಾತ, ಈಗ?" ಅಂದಳು, ಕನ್ನಡದಲ್ಲೇ.